ಹಾಡು ಹುಟ್ಟಿದ ಕೋಣೆ

ಗಾಯಕ ತೀರಿಕೊಂಡ ಮರುದಿನ ಅವನ ಹಳೇ ಮನೆಯ ಮುಂದೆ ಗೇಟು ತೆರೆಯಲಾಗದಷ್ಟು ಹೂವು ಬಿದ್ದಿತ್ತು. ಅಕ್ಕ ಹಿಂಬಾಗಿಲಿನಿಂದ ಸುತ್ತಿ ಬಂದು, ರವಿಕೆಯ ತೋಳು ಮಡಚಿ, ಪೊರಕೆ ಹಿಡಿದು ಎಲ್ಲವನ್ನೂ ಒಂದು ಮೂಲೆಗೆ ಗುಡಿಸತೊಡಗಿದಳು. ಅಳುತ್ತ ನಿಂತಿದ್ದ ಹುಡುಗಿಯೊಬ್ಬಳಿಗೆ ಇದನ್ನು ನೋಡಲಾಗಲಿಲ್ಲ.

“ಅಯ್ಯೋ, ಅದು ಅವರಿಗೆ ತಂದಿದ್ದು!”

“ಅವನು ಈ ಮನೆ ಬಿಟ್ಟು ಎಷ್ಟೋ ಕಾಲ ಆಯ್ತಮ್ಮ,” ಎಂದಳು ಅಕ್ಕ, ಪೊರಕೆ ನಿಲ್ಲಿಸದೆ. “ಗುಡ್ಡದ ಮೇಲಿನ ಮನೆಗೆ ತಗೊಂಡು ಹೋಗು. ಅಲ್ಲಿ ಗುಡಿಸೋಕೆ ಆಳುಗಳಿದ್ದಾರೆ.”

ಇಷ್ಟು ಕಲ್ಲೆದೆಯ ಹೆಂಗಸು ಯಾರೆಂದು ಹುಡುಗಿ ಪಕ್ಕದವರನ್ನು ಕೇಳಿದಳು. ಗಾಯಕನ ಒಡಹುಟ್ಟಿದ ಅಕ್ಕ ಎಂದು ಗೊತ್ತಾದದ್ದೇ ತಡ, ಅವಳ ಅಳು ಇನ್ನೂ ಜೋರಾಯಿತು. ತಬ್ಬಿಕೊಳ್ಳಲು ಮುಂದೆ ಬಂದಳು. ಅಕ್ಕ ಪೊರಕೆ ಅಡ್ಡ ಹಿಡಿದಳು.

ಬೀದಿಯವರಿಗೆ ಅವಳು ಅಕ್ಕನಾದದ್ದು ತಮ್ಮನ ಹೆಸರಿನಿಂದಲ್ಲ, ಸೂಜಿಯಿಂದ. ಹೊಸ ಬಟ್ಟೆ ಹೊಲಿಯುವವಳಲ್ಲ ಅವಳು. ಪ್ಯಾಂಟು ಗಿಡ್ಡ ಮಾಡುವುದು, ದಪ್ಪಗಾದವರ ಸೊಂಟ ಬಿಡಿಸುವುದು, ಕೈಕೊಟ್ಟ ಜಿಪ್ ಬದಲಿಸುವುದು, ದೊಡ್ಡ ಅಂಗಡಿಯವರು ಕೆಡಿಸಿ ಕಳಿಸಿದ್ದನ್ನು ನೆಟ್ಟಗೆ ಮಾಡುವುದು, ಇಷ್ಟೇ. ಅಡುಗೆಮನೆಯ ಹಿಂದಿನ ಕೋಣೆಯಲ್ಲಿ ಕಿಟಕಿಗೆ ಒತ್ತಿ ಹೊಲಿಗೆ ಮಿಷನ್ ಇತ್ತು. ಕಿಟಕಿಯಾಚೆ ಹಿಂದಿನ ಓಣಿ. ಗಿರಾಕಿಗಳು ಬಾಗಿಲಿಗೆ ಬರುತ್ತಲೇ ಇರಲಿಲ್ಲ, ಕಿಟಕಿಯಲ್ಲೇ ಬಟ್ಟೆ ಒಳಗೆ ಎಸೆದು, ಸರಳು ಹಿಡಿದುಕೊಂಡು ಊರ ಸುದ್ದಿಯನ್ನೂ ಎಸೆದು ಹೋಗುತ್ತಿದ್ದರು. ಮಿಷನ್ನಿನ ಹಿಂದೆ ಇಸ್ತ್ರಿ ಮೇಜು, ಗೋಡೆಗೆ ಸೇರಿಸಿ ಮಂಚ, ಕಾಲ ಬುಡದಲ್ಲಿ ಕಬ್ಬಿಣದ ಬೀರು. ಈ ಕೋಣೆ ಒಂದು ನಿಂತಿದ್ದರೆ ಉಳಿದ ಮನೆ ಮಣ್ಣುಪಾಲಾದರೂ ಅಕ್ಕ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಅವಳ ಅನ್ನ, ನಿದ್ದೆ, ಹರಟೆ, ಜಗಳ ಎಲ್ಲ ಅಲ್ಲಿಯೇ ನಡೆಯುತ್ತಿದ್ದವು.

ಅಪ್ಪ ಅಮ್ಮ ಬೇಗ ಹೋದರು. ಆಮೇಲೆ ಅಕ್ಕ ತಮ್ಮ ಇಬ್ಬರೂ ಇದ್ದದ್ದು ಒಂದು ಲಾಂಡ್ರಿಯ ಮೇಲಿನ ಬಾಡಿಗೆ ಕೋಣೆಯಲ್ಲಿ. ಕೆಳಗಿನಿಂದ ಬರುವ ಹಬೆಗೆ ಗೋಡೆಗಳು ಸದಾ ಬೆವರುತ್ತಿದ್ದವು. ಅಕ್ಕ ಕೆಳಗೆ ಲಾಂಡ್ರಿಯಲ್ಲಿ ಕಿತ್ತುಹೋದ ಗುಂಡಿ ಹಾಕುತ್ತಿದ್ದಳು. ತಮ್ಮ ಮೇಲೆ ಹಾಸಿಗೆಯ ಮೇಲೆ ಕಾಲು ಚಾಚಿ ಗಿಟಾರ್ ಮೀಟುತ್ತಿದ್ದ. ಹಾಗೆ ಬಿದ್ದುಕೊಂಡೇ ಒಂದು ದಿನ ಅವನು ದೋಣಿಯ ಹಾಡು ಕಟ್ಟಿದ. ಅದು ಹತ್ತಿಕೊಂಡಿತು ನೋಡಿ! ರೇಡಿಯೊದಲ್ಲಿ ಅದೇ, ಬಸ್ಸಿನಲ್ಲಿ ಅದೇ, ಹಲ್ಲು ಕೀಳುವವನ ಅಂಗಡಿಯಲ್ಲೂ ಅದೇ. ಆ ಹಾಡಿನ ದುಡ್ಡಿನಲ್ಲಿ ತಮ್ಮ ಈ ಮಹಡಿ ಮನೆ ಕೊಂಡ. ಮೊದಲು ಹಾಡು ಬಂತು, ಆಮೇಲೆ ಮನೆ ಬಂತು. ಚಿಕ್ಕ ಮಗುವಿಗೂ ಅರ್ಥವಾಗುವ ವಿಷಯ ಇದು. ಊರಿನ ದೊಡ್ಡ ಮನುಷ್ಯರಿಗೆ ಮಾತ್ರ ಅರ್ಥವಾಗಲಿಲ್ಲ.

ಆ ಮನೆಯಲ್ಲಿ ಅಕ್ಕ ತಮ್ಮನ ಬಟ್ಟೆ ಒಗೆದಳು, ಬಂದವರಿಗೆ ಬಡಿಸಿದಳು, ಎದ್ದು ಹೋದವರ ಎಂಜಲು ತೆಗೆದಳು. ಅವಳ ಮದುವೆ ತಡವಾಗಿ ಆಯಿತು. ತಮ್ಮನ ಮದುವೆ ಪತ್ರಿಕೆಗಳ ಮುಖಪುಟದಲ್ಲಿ ಆಯಿತು. ಬಂದ ಹೆಂಡತಿಗೆ ಬೀದಿ ಸದ್ದು ಹಿಡಿಸಲಿಲ್ಲ, ಗುಡ್ಡದ ಮೇಲೆ ಎತ್ತರದ ಗೋಡೆಯ ಮನೆ ಎದ್ದಿತು. ಹೊರಡುವಾಗ ತಮ್ಮ, “ಅಕ್ಕಾ, ಮನೆ ಮುಚ್ಚಿಟ್ರೆ ಹಾಳಾಗುತ್ತೆ. ನೀನೂ ಭಾವನೂ ಇಲ್ಲೇ ಇರಿ,” ಅಂದ. ಎಂಥ ದೊಡ್ಡ ಮನಸ್ಸು ಅಂತ ಎಲ್ಲರೂ ಹೊಗಳಿದರು. ಅಕ್ಕನಿಗೆ ಮಾತ್ರ ಒಳಗುಟ್ಟು ಗೊತ್ತಿತ್ತು. ಕಾವಲುಗಾರನನ್ನು ಇಟ್ಟರೆ ಸಂಬಳ ಕೊಡಬೇಕು, ಅಕ್ಕನಿಗೆ ಕೊಡಬೇಕಿಲ್ಲ.

ಭಾವ ಅಂದರೆ ಅಕ್ಕನ ಗಂಡ. ಗಾಯಕ ಹಾಗೆ ಕರೆಯುತ್ತಿದ್ದನೆಂದು ಅಭಿಮಾನಿಗಳೂ ಹಾಗೇ ಕರೆದು, ಅವನು ಇಡೀ ಊರಿಗೇ ಭಾವನಾಗಿಬಿಟ್ಟಿದ್ದ. ಸಿನಿಮಾ ಮಂದಿರದ ಬಾಗಿಲಲ್ಲಿ ಟಿಕೆಟು ಹರಿಯುವ ಕೆಲಸದಲ್ಲಿ ತಲೆ ನೆರೆದವನು. ಅಲ್ಲಿ ಯಾರೂ ಅವನ ಮುಖ ನೋಡಿದವರಲ್ಲ, ಎಲ್ಲರ ಕಣ್ಣೂ ಒಳಗಿನ ಪರದೆಯ ಮೇಲೆ. ನಿವೃತ್ತನಾದ ಮೇಲೆ ಮನೆ ನೋಡಲು ಬಂದ ಅಭಿಮಾನಿಗಳು ಮೊದಲ ಸಲ ಅವನ ಮುಖ ನೋಡಿ, “ಭಾವಾ, ದೋಣಿ ಹಾಡು ಹುಟ್ಟಿದ್ದು ಎಲ್ಲಿ?” ಅಂತ ಕೇಳಿದರು. ಗೊತ್ತಿಲ್ಲ ಅನ್ನುವ ಜಾಯಮಾನ ಅವನದಲ್ಲ. ಮಹಡಿಯ ದೊಡ್ಡ ಕೋಣೆಗೆ ಕರೆದುಕೊಂಡು ಹೋಗಿ, “ಇಲ್ಲೇ,” ಅಂದ.

ಕೆಲವು ಕಾಲ ಹಾಡು ಮಹಡಿಯಲ್ಲೇ ಹುಟ್ಟುತ್ತಿತ್ತು. ಆಮೇಲೆ ಭಾವನಿಗೆ ಮಂಡಿ ಹಿಡಿದುಕೊಂಡಿತು. ಮೆಟ್ಟಿಲು ಹತ್ತುವುದು ಸಾಹಸವಾದ ಮೇಲೆ ಹಾಡು ಕೆಳಗಿಳಿದು ಮುಂದಿನ ಹಾಲಿನಲ್ಲಿ ಹುಟ್ಟತೊಡಗಿತು. ಮಂಡಿ ಊದಿಕೊಂಡು ಮಂಚ ಬಿಟ್ಟೇಳುವುದೇ ಕಷ್ಟವಾದಾಗ ಅದು ಹಾಲನ್ನೂ ದಾಟಿ, ಅಡುಗೆಮನೆ ಹಾದು, ಹಿಂದಿನ ಕೋಣೆಗೆ ಬಂದು ಭಾವನ ಮಂಚದ ಪಕ್ಕದಲ್ಲೇ ಜನ್ಮ ತಾಳಿತು. “ಈ ಕಿಟಕಿ ಹತ್ತಿರ ಕೂತಿದ್ದ, ಕಣ್ಣಲ್ಲಿ ನೀರು, ತಟ್ಟನೆ ಬಂತು ನೋಡಿ ಸಾಲು,” ಅಂತ ಭಾವ ಮಲಗಿದಲ್ಲಿಂದಲೇ ಕೈ ತೋರಿಸುವನು. ಬಂದವರು ಕಿಟಕಿಯ ಸರಳು ಮುಟ್ಟಿ ಕಣ್ಣೊರೆಸಿಕೊಳ್ಳುವರು. ಆಚೆ ನಿಂತ ಗಿರಾಕಿ ಪ್ಯಾಂಟು ಹಿಡಿದುಕೊಂಡು ಬಾಯಿ ಬಿಡುವನು. ಅಕ್ಕ ಮಿಷನ್ನನ್ನು ಬೇಕೆಂದೇ ಜೋರಾಗಿ ತುಳಿಯುತ್ತಿದ್ದಳು.

“ನಾಚಿಕೆ ಆಗಲ್ವೇನ್ರೀ?” ಅಂತ ಒಮ್ಮೆ ಕೇಳಿದ್ದಳು.

“ಪಾಪ, ದೂರದಿಂದ ಬಂದಿರ್ತಾರೆ ಕಣೆ. ಬರಿಗೈಲಿ ಹೇಗೆ ಕಳಿಸೋದು?”

ಈ ಮಾತಿಗೆ ಅಕ್ಕನಿಗೂ ನಗು ಬಂದಿತ್ತು. ಗಂಡ ಸುಳ್ಳ, ಸೋಮಾರಿ, ಆದರೆ ಕೆಟ್ಟವನಲ್ಲ. ಪುಕ್ಕಟೆ ಸುಳ್ಳು, ಯಾರ ಮನೆ ಹಾಳಾಗುತ್ತೆ ಅಂತ ಸುಮ್ಮನಾಗಿದ್ದಳು. ಹಾಳಾಗುವುದು ತನ್ನದೇ ಮನೆ ಎಂದು ಅವಳಿಗೆ ಹೇಗೆ ಗೊತ್ತಾಗಬೇಕು?

ಗಾಯಕ ಸತ್ತ ಮೇಲೆ ಮನೆ ಅವನ ಹೆಂಡತಿಗೆ ಬಂತು. ಅವಳು ಅದನ್ನು ಸ್ಮಾರಕ ಸಮಿತಿಗೆ ದಾನ ಕೊಟ್ಟಳು. ಮನೆ ನೋಡಲು ಕಪ್ಪು ಕನ್ನಡಕ ಹಾಕಿಕೊಂಡು ಬಂದವಳು ಒಳಗೂ ಅದನ್ನು ತೆಗೆಯಲಿಲ್ಲ. ಜೊತೆಗೆ ಸಮಿತಿಯ ಅಧ್ಯಕ್ಷರು. ಊರಿನ ಅತಿ ದೊಡ್ಡ ಸೋಫಾ ಅಂಗಡಿಯ ಮಾಲೀಕರು ಅವರು. ಸಂಗೀತಕ್ಕೂ ಅವರಿಗೂ ಇದ್ದ ನಂಟು ಇಷ್ಟೇ, ಅಂಗಡಿಯಲ್ಲಿ ಇಡೀ ದಿನ ಹಾಡು ಹಾಕಿಡುತ್ತಿದ್ದರು.

“ಅಕ್ಕಾ, ನೀವೇನೂ ಯೋಚನೆ ಮಾಡ್ಬೇಡಿ,” ಎಂದಳು ತಮ್ಮನ ಹೆಂಡತಿ. “ಮಹಡಿ ಮತ್ತೆ ಮುಂದಿನ ಭಾಗ ಮಾತ್ರ ಮ್ಯೂಸಿಯಂ. ಹಿಂದಿನ ಕೋಣೆ ನಿಮ್ದೇ. ಕೊನೇ ತನಕ.”

“ಯಾರ ಕೊನೇ ತನಕ?” ಎಂದಳು ಅಕ್ಕ. “ನನ್ನದೋ, ಸಮಿತಿಯದೋ?”

ಅಧ್ಯಕ್ಷರು ಹೊಟ್ಟೆ ಕುಲುಕಿಸಿ ನಕ್ಕರು. ಆದರೂ ಅಕ್ಕನಿಗೆ ಎದೆಯ ಮೇಲಿನ ಭಾರ ಇಳಿದಂತಾಯಿತು. ಅಂದು ಕಿಟಕಿಗೆ ಬಂದವರಿಗೆಲ್ಲ, ನಾವು ಎಲ್ಲೂ ಹೋಗಲ್ಲ ಅಂತ ತಾನಾಗಿಯೇ ಹೇಳಿದಳು.

ಮುಂದಿನ ವಾರ ಮ್ಯೂಸಿಯಂ ವಿನ್ಯಾಸ ಮಾಡುವ ಹೆಂಗಸು ಬಂದಳು. ಅಡಿಯಿಂದ ಮುಡಿಯವರೆಗೆ ಕಪ್ಪು ಬಟ್ಟೆ, ಕೈಯಲ್ಲಿ ಕೆಂಪು ಬೆಳಕು ಬಿಟ್ಟು ಅಳೆಯುವ ಯಂತ್ರ. ಗೋಡೆ ಮುಟ್ಟದೆಯೇ ಗೋಡೆ ಅಳೆದಳು. ಪ್ರತಿ ಮೂಲೆಯಲ್ಲೂ ನಿಂತು ಕಣ್ಣು ಮುಚ್ಚಿ, “ಇಲ್ಲಿ ಏನೋ ಇದೆ,” ಅನ್ನುತ್ತಿದ್ದಳು. ಒಂದು ಮೂಲೆಯಲ್ಲಿ ನಿಜಕ್ಕೂ ಇತ್ತು, ಹಳೇ ಬಕೆಟ್ಟು. ಭಾವನ ಮುಂದೆ ಕುರ್ಚಿ ಎಳೆದು, ಫೋನು ನಿಲ್ಲಿಸಿ, ಕಥೆ ಹೇಳಲು ಹೇಳಿದಳು. ಭಾವ ಜನ್ಮದಲ್ಲಿ ಹೇಳದಷ್ಟು ಚೆನ್ನಾಗಿ ಹೇಳಿದ. ಮಂಚ ತಟ್ಟಿದ, ಕಿಟಕಿ ತೋರಿಸಿದ, ಬೇಕಾದಲ್ಲಿ ಗಂಟಲು ಬಿಗಿ ಮಾಡಿಕೊಂಡ.

ಆಮೇಲೆ ಬಂದದ್ದು ನಕ್ಷೆ. ವಿನ್ಯಾಸದವಳೂ ಅಧ್ಯಕ್ಷರೂ ಅದನ್ನು ಅಕ್ಕನ ಇಸ್ತ್ರಿ ಮೇಜಿನ ಮೇಲೆಯೇ ಹರಡಿದರು. ಹಿಂದಿನ ಕೋಣೆಯ ಸುತ್ತ ಬಂಗಾರದ ಬಣ್ಣದ ಗೆರೆ, ಒಳಗೆ ದಪ್ಪ ಅಕ್ಷರ: ಹಾಡು ಹುಟ್ಟಿದ ಕೋಣೆ.

“ಇದೇ ಇಡೀ ಮ್ಯೂಸಿಯಂನ ಜೀವ,” ಎಂದಳು ವಿನ್ಯಾಸದವಳು. “ಏನೂ ಬದಲಾಯಿಸಲ್ಲ. ಮಂಚ ಇಲ್ಲೇ ಇರುತ್ತೆ, ಸುತ್ತ ಹಗ್ಗ ಕಟ್ತೀವಿ. ಮಿಷನ್ನೂ ಇರುತ್ತೆ, ಅವರ ಕಷ್ಟದ ದಿನಗಳ ಗುರುತಾಗಿ.”

“ನಾವು?”

ವಿನ್ಯಾಸದವಳು ಅಧ್ಯಕ್ಷರ ಮುಖ ನೋಡಿದಳು. ಅಧ್ಯಕ್ಷರು ನಕ್ಷೆ ನೋಡಿದರು. “ನಿಮಗೆ ಬಸ್ ಡಿಪೊ ಹಿಂದೆ ಹೊಸ ಕಟ್ಟಡದಲ್ಲಿ ಒಂದು ಮನೆ ನೋಡಿದ್ದೀವಮ್ಮ. ನಾಲ್ಕನೇ ಮಹಡಿ. ಒಳ್ಳೇ ಗಾಳಿ.”

“ಮಿಷನ್ ಇರುತ್ತೆ, ಹೊಲಿಯೋಳು ಹೋಗ್ತಾಳೆ. ಗಿರಾಕಿಗಳು ನಾಲ್ಕನೇ ಮಹಡಿಗೆ ಪ್ಯಾಂಟು ಎಸೀತಾರಾ?” ಎಂದಳು ಅಕ್ಕ. ಅವರು ನಕ್ಷೆ ಸುತ್ತಿಕೊಂಡು ಹೊರಟರು.

ಬಾಗಿಲು ಮುಚ್ಚಿದ ಮೇಲೆ ಅಕ್ಕ ಗಂಡನ ಕಡೆ ತಿರುಗಿದಳು. “ಸಮಾಧಾನ ಆಯ್ತಾ? ಬೇರೆ ಯಾವ ಕೋಣೆಯೂ ಸಿಗಲಿಲ್ವಾ ನಿಮಗೆ? ಬಚ್ಚಲಲ್ಲಿ ಹುಟ್ಟಿಸಿದ್ರೂ ಆಗ್ತಿತ್ತಲ್ಲ!”

“ಬಚ್ಚಲು ಇನ್ನೂ ದೂರ ಕಣೆ,” ಎಂದ ಭಾವ ಸಣ್ಣ ದನಿಯಲ್ಲಿ.

ಅವಳು ಮರುದಿನವೇ ಸೋಫಾ ಅಂಗಡಿಗೆ ಹೋದಳು. ಪ್ಲಾಸ್ಟಿಕ್ ಹೊದಿಸಿದ ಸೋಫಾಗಳ ನಡುವೆ ಅಧ್ಯಕ್ಷರು ಕೂತಿದ್ದರು. ಅವಳಿಗೂ ಒಂದು ತೋರಿಸಿದರು. ಕೂತರೆ ಪರಪರ ಸದ್ದು. ಅಕ್ಕ ಇದ್ದದ್ದನ್ನು ಇದ್ದಹಾಗೆ ಹೇಳಿದಳು. ಹಾಡು ಕಟ್ಟಿದ್ದು ಲಾಂಡ್ರಿ ಮೇಲೆ. ಅದರ ದುಡ್ಡಲ್ಲೇ ಈ ಮನೆ ಕೊಂಡದ್ದು. ಅಂದ ಮೇಲೆ ಮನೆಯಲ್ಲಿ ಹಾಡು ಹೇಗೆ ಹುಟ್ಟುತ್ತೆ? ಅಮ್ಮ ಹುಟ್ಟೋಕೆ ಮುಂಚೆ ಮಗಳು ಹುಟ್ಟಿದ ಹಾಗಾಗಲಿಲ್ವಾ?

ಅಧ್ಯಕ್ಷರು ಗಂಭೀರವಾಗಿ ಕೇಳಿಸಿಕೊಂಡರು. “ಕಲೆಗೆ ಕಾಲದ ಹಂಗಿಲ್ಲಮ್ಮ,” ಎಂದರು.

“ಬುದ್ಧಿಗಾದ್ರೂ ಬೇಡ್ವಾ?”

“ಸರಿ, ಆ ಲಾಂಡ್ರಿ ಎಲ್ಲಿದೆ ಹೇಳಿ.”

“ಕೆಡವಿದ್ರು. ಈಗ ಅಲ್ಲಿ ಕಾರು ನಿಲ್ಲಿಸ್ತಾರೆ.”

“ನೋಡಿದ್ರಾ? ಜನರನ್ನ ಕರ್ಕೊಂಡು ಹೋಗಿ ಕಾರು ತೋರಿಸೋಕಾಗುತ್ತಾ? ಹಾಡು ಒಂದು ಕಡೆ ಹುಟ್ಟಲೇಬೇಕಲ್ಲ.” ಆಮೇಲೆ ಕನಿಕರದಿಂದ ದನಿ ಇಳಿಸಿದರು. “ಆ ಕೋಣೆ ಅಂತ ಹೇಳಿದ್ದು ನಿಮ್ಮ ಯಜಮಾನ್ರೇ. ಭಾನುವಾರ ಸಭೆ ಇದೆ. ಅವರೇ ಎದ್ದು, ಅಲ್ಲಲ್ಲ ಅಂದ್ರೆ ನೋಡೋಣ.”

ಇಡೀ ವಾರ ಅಕ್ಕ ಗಂಡನಿಗೆ ಪಾಠ ಹೇಳಿಕೊಟ್ಟಳು. ಒಂದೇ ಮಾತು ಸಾಕು: ನಾನು ಹೇಳಿದ್ದು ಸುಳ್ಳು. ಭಾವ ತಲೆಯಾಡಿಸಿದ. ಊಟಕ್ಕೆ ಕೂತಾಗ ಮಾತ್ರ, “ಅಷ್ಟು ಜನರ ಮುಂದೆ ಕಣೆ,” ಅಂತ ಒಮ್ಮೆ ಗೊಣಗಿದ. “ಅಷ್ಟು ಜನರ ಮುಂದೆ ಬೀದಿಗೆ ಬೀಳೋದಕ್ಕಿಂತ ವಾಸಿ,” ಅಂತ ಅಕ್ಕ ತಟ್ಟೆ ಕುಕ್ಕಿದಳು.

ಸಭೆ ನಡೆದದ್ದು ಅದೇ ಮನೆಯ ಹಾಲಿನಲ್ಲಿ. ಅಧ್ಯಕ್ಷರ ಅಂಗಡಿಯಿಂದ ಕುರ್ಚಿಗಳು ಬಂದಿದ್ದವು, ಬೆಲೆ ಚೀಟಿ ಇನ್ನೂ ನೇತಾಡುತ್ತಿತ್ತು. ತಮ್ಮನ ಹೆಂಡತಿ ಮುಂದಿನ ಸಾಲಿನಲ್ಲಿ, ಕನ್ನಡಕದೊಳಗೆ. ಅಭಿಮಾನಿಗಳು ಗೋಡೆಗೊರಗಿ ನಿಂತಿದ್ದರು. ಅಧ್ಯಕ್ಷರು ಕರೆದಾಗ ಭಾವ ಕೋಲೂರಿ ಎದ್ದ. ಎಲ್ಲರೂ ಚಪ್ಪಾಳೆ ತಟ್ಟಿದರು. ಅಲ್ಲಿಗೆ ಕೆಲಸ ಕೆಟ್ಟಿತು. ಟಿಕೆಟು ಹರಿದು ಹರಿದು ಬೆರಳು ಸವೆಸಿದವನಿಗೆ ಯಾರಾದರೂ ಎಂದಾದರೂ ಚಪ್ಪಾಳೆ ತಟ್ಟಿದ್ದರೇ? ಭಾವ ಹೆಂಡತಿಯ ಕಡೆ ನೋಡಿದ, ಜನರ ಕಡೆ ನೋಡಿದ, ಗಂಟಲು ಸರಿಮಾಡಿಕೊಂಡ.

“ಆ ಹಿಂದಿನ ಕೋಣೆ ಇದೆಯಲ್ಲ...” ಎಂದ. “ಆ ಕಿಟಕಿ ಹತ್ತಿರ ಕೂತಿದ್ದ. ಕಣ್ಣಲ್ಲಿ ನೀರು...”

ಈ ಸಲ ಗಾಯಕ ಭಾವನ ತೊಡೆಯ ಮೇಲೆ ತಲೆಯಿಟ್ಟು ಅತ್ತದ್ದೂ ಸೇರಿಕೊಂಡಿತು. ಅಭಿಮಾನಿಗಳು ಮೂಗೊರೆಸಿಕೊಂಡರು. ಅಕ್ಕನ ಮೈಯೆಲ್ಲ ಉರಿದುಹೋಯಿತು. ಗಂಡ, ಸೋಫಾ ಮಾಲೀಕ, ಕಪ್ಪು ಕನ್ನಡಕ, ಕೆಂಪು ಬೆಳಕು, ಗುಡ್ಡದ ಮೇಲೆ ಹಾಯಾಗಿ ಸತ್ತ ತಮ್ಮ, ಎಲ್ಲರೂ ಸೇರಿ ತನ್ನನ್ನು ನಾಲ್ಕನೇ ಮಹಡಿಗೆ ಸಾಗಿಸುತ್ತಿದ್ದಾರೆ. ನಿಜ ಹೇಳಿ ನೋಡಿಯಾಯಿತು. ನಿಜ ಇವರಲ್ಲಿ ಯಾರ ಅಳತೆಗೂ ಕೂರುವುದಿಲ್ಲ. ಅವಳು ಎದ್ದು ನಿಂತಳು.

“ಇವರ ಮಾತು ನಂಬಬೇಡಿ. ಹಾಡು ಹುಟ್ಟಿದ್ದು ಮಹಡಿ ಮೇಲಿನ ದೊಡ್ಡ ಕೋಣೆಯಲ್ಲಿ. ಇವರಿಗೆ ಮಂಡಿ ನೋವು, ಮೆಟ್ಟಿಲು ಹತ್ತೋಕಾಗಲ್ಲ. ಅದಕ್ಕೇ ಹಾಡನ್ನ ತಾವು ಮಲಗೋ ಮಂಚದ ಹತ್ತಿರ ಇಳಿಸಿಕೊಂಡಿದ್ದಾರೆ. ಬೇಕಾದ್ರೆ ಹಳೇ ಅಭಿಮಾನಿಗಳನ್ನ ಕೇಳಿ, ಮೊದಲು ಎಲ್ಲಿ ತೋರಿಸ್ತಿದ್ರು ಅಂತ.”

ಗೋಡೆಗೊರಗಿದ್ದ ಒಬ್ಬ ಬೋಳು ತಲೆಯವನು, “ಹೌದು, ನಂಗೆ ಮಹಡೀಲೇ ತೋರಿಸಿದ್ರು!” ಎಂದು ಕೂಗಿದ. ಸಭೆ ಗೊಳ್ಳೆಂದಿತು. ಭಾವ ಕೋಲಿನ ಹಿಡಿ ನೋಡುತ್ತ ಕೂತುಬಿಟ್ಟ.

“ನೀವು ಕಣ್ಣಾರೆ ನೋಡಿದ್ರಾ?” ಎಂದರು ಅಧ್ಯಕ್ಷರು.

“ನೋಡದೆ ಏನು? ನಾನು ಕೆಳಗೆ ಹೊಲೀತಿದ್ದೆ. ಮಧ್ಯಾಹ್ನ, ಕರೆಂಟ್ ಇರಲಿಲ್ಲ. ‘ಅಕ್ಕಾ, ಬೇಗ ಮೇಲೆ ಬಾ’ ಅಂದ. ಹೋದೆ. ನೆಲದ ಮೇಲೆ ಕೂತಿದ್ದ, ಗೋಡೆಗೆ ಬೆನ್ನು ಕೊಟ್ಟು. ಹಾಡಿದ. ಹಾಡಿ, ‘ಹೇಗಿದೆ ಅಕ್ಕಾ?’ ಅಂತ ಕೇಳಿದ.”

ಸುಳ್ಳು ಇಷ್ಟು ಸಲೀಸಾಗಿ ಬರುತ್ತದೆಂದು ಅವಳಿಗೇ ಗೊತ್ತಿರಲಿಲ್ಲ. ವಿನ್ಯಾಸದವಳು ಫೋನು ಎತ್ತಿ ಹಿಡಿದು ಮುಂದೆ ಬಾಗಿದಳು. “ನೀವೇನಂದ್ರಿ?”

ಅಲ್ಲಿ ಅಕ್ಕ ತಡವರಿಸಿದಳು. ಸುಳ್ಳಿನ ದಾರ ಅಲ್ಲಿಗೆ ಮುಗಿದಿತ್ತು. ಬಾಯಿಗೆ ಬಂದದ್ದು, ಕೆಳಗೆ ಲಾಂಡ್ರಿಯಲ್ಲಿ ಗುಂಡಿ ಹಾಕುತ್ತ ಆ ಹಾಡನ್ನು ಮೊದಲು ಕೇಳಿಸಿಕೊಂಡಾಗಿನಿಂದ ಒಳಗೇ ಇಟ್ಟುಕೊಂಡಿದ್ದ ಮಾತು.

“ಎರಡನೇ ಸಾಲು ಉದ್ದ ಆಯ್ತು ಕಣೋ, ಸ್ವಲ್ಪ ಮಡಚು ಅಂದೆ.”

“ತಿದ್ದಿದ್ರಾ?”

“ಎಲ್ಲಿ ತಿದ್ದಿದ? ಇವತ್ತಿಗೂ ಎಳೆಯುತ್ತೆ. ಕೇಳಿ ನೋಡಿ.”

ಬೋಳು ತಲೆಯವನು ಎರಡನೇ ಸಾಲನ್ನು ಬಾಯಲ್ಲೇ ಗುನುಗಿ ನೋಡಿ, “ಹೌದಲ್ವಾ!” ಅಂದ. ಅಷ್ಟೇ ಸಾಕಾಯಿತು. ಎಲ್ಲರೂ ನಕ್ಕರು, ಕೆಲವರು ಅತ್ತರು. ತಮ್ಮನ ಹೆಂಡತಿ ಕೊನೆಗೂ ಕನ್ನಡಕ ತೆಗೆದಳು. ಮಹಡಿಯ ಕೋಣೆಯಲ್ಲಿ ಬೆಳಕು ಕೂಡ ಚೆನ್ನಾಗಿದೆ ಎಂದಳು ವಿನ್ಯಾಸದವಳು. ಇದು ಸುಳ್ಳಿರಲಿಕ್ಕೆ ಸಾಧ್ಯವೇ ಇಲ್ಲ, ಇಂಥದ್ದನ್ನು ಕಟ್ಟಿ ಹೇಳೋಕೆ ಆಗಲ್ಲ ಎಂದರು, ಲಾಂಡ್ರಿಯ ಮಾತನ್ನು ಆಗಲೇ ಮರೆತಿದ್ದ ಅಧ್ಯಕ್ಷರು. ಬಂಗಾರದ ಗೆರೆ ಅಲ್ಲೇ ಮಹಡಿಗೆ ಹತ್ತಿತು. ಹಿಂದಿನ ಕೋಣೆ ಅಕ್ಕನಿಗೇ ಉಳಿಯಿತು, ಅದರಲ್ಲಿ ಇತಿಹಾಸ ಏನೂ ಇಲ್ಲವಲ್ಲ. ನಾಳೆ ಅಕ್ಕನ ದನಿಯನ್ನು ಸರಿಯಾಗಿ ರೆಕಾರ್ಡ್ ಮಾಡಿ, ಬಂದವರೆಲ್ಲ ಕಿವಿಗಿಟ್ಟು ಕೇಳುವ ಹಾಗೆ ಮಾಡುವುದೆಂದೂ ತೀರ್ಮಾನವಾಯಿತು.

ಎಲ್ಲರೂ ಹೋದ ಮೇಲೆ ಅಕ್ಕ ಬಂದು ಮಿಷನ್ನಿನ ಮುಂದೆ ಕೂತಳು. ಕಿಟಕಿಯಲ್ಲಿ ಯಾರೋ ಒಂದು ಕೋಟು ಎಸೆದು ಹೋಗಿದ್ದರು, ತೋಳು ಉದ್ದ. ಗೆದ್ದು ಬಂದಿದ್ದಳು. ಆದರೂ ಸಭೆಯಲ್ಲಿ ಹತ್ತಿದ ಉರಿ ಇಳಿದಿರಲಿಲ್ಲ. ಈಗ ಅದು ಸೋಫಾದವನ ಮೇಲಲ್ಲ, ಗಂಡನ ಮೇಲೂ ಅಲ್ಲ. ಭಾವ ಮಂಚದ ಮೇಲೆ ಗೋಡೆಗೆ ಮುಖ ಮಾಡಿ ಮಲಗಿದ್ದ. ಅವನು ಈ ಕಡೆ ಹೊರಳಿದ.

“ನಾನು ಸುಳ್ಳ ಅಂತ ಊರಿಗೆಲ್ಲ ಸಾರಿದೆ. ಹೋಗ್ಲಿ ಬಿಡು. ಆದ್ರೆ ಒಂದು ಹೇಳು. ಲಾಂಡ್ರಿ ಮೇಲೇ ಆಗ್ಲಿ, ಹೇಗಿದೆ ಅಂತ ಅವನು ನಿಜವಾಗ್ಲೂ ನಿನ್ನನ್ನ ಕೇಳಿದ್ನಾ?”

“ಅವನಾ?” ಅಕ್ಕ ಕೋಟಿನ ತೋಳಿನ ಹೊಲಿಗೆಯನ್ನು ಬ್ಲೇಡಿನಿಂದ ಸೀಳುತ್ತಿದ್ದಳು. “ನೀರು ಕಾದಿದೆಯಾ ಅಂತ ಕೇಳಿದ. ಶರ್ಟ್ ಎಲ್ಲಿ ಅಂತ ಕೇಳಿದ. ಯಾರು ಬಂದಿದ್ರು ಅಂತ ಕೇಳಿದ.”

ಅವಳ ಕೈ ನಿಂತಿತು.

“ನಾನು ಕೆಳಗೇ ಇದ್ನಲ್ರೀ, ಒಂದು ಕೂಗು ಹಾಕಿದ್ರೆ ಕೇಳಿಸ್ತಿತ್ತು. ಹೇಗಿದೆ ಅಂತ ಒಂದೇ ಒಂದು ಸಲ ಕೇಳಿದ್ದಿದ್ರೆ ಅವನ ಗಂಟೇನು ಹೋಗ್ತಿತ್ತು?”